ಗೋಬಿ ಬಿಟ್ಟರೆ ಥೈರಾಯಿಡ್ ವಾಸಿಯಾದೀತೇ?

ಮನೆಯಲ್ಲಿ ಯಾರಿಗಾದರೂ ಥೈರಾಯಿಡ್ ತೊಂದರೆ ಇದೆ ಎಂದು ರಕ್ತ ಪರೀಕ್ಷೆಯ ವರದಿ ಬಂದರೆ ಸಾಕು, ಔಷಧ ಅಂಗಡಿಯಿಂದ ಗುಳಿಗೆ ಬರುವ ಮೊದಲೇ ಅಡುಗೆಮನೆಗೆ ‘ತಿನ್ನಬಾರದ’ ಪದಾರ್ಥಗಳ ಪಟ್ಟಿಯೊಂದು ಬಂದು ಸೇರುತ್ತದೆ. ಅತ್ತೆ ಒಂದು ಹೇಳುತ್ತಾರೆ, ಪಕ್ಕದ ಮನೆಯ ಆಪಾ ಇನ್ನೊಂದು ಹೇಳುತ್ತಾರೆ, ಮೊಬೈಲಿಗೆ ಮೂರನೆಯದು ಬರುತ್ತದೆ. ಗೋಬಿ ಬೇಡ, ಮೂಲಂಗಿ ಬೇಡ, ಶೇಂಗಾ ಬೇಡ, ಸೋಯಾ ಬೇಡ, ಸಜ್ಜೆ ರೊಟ್ಟಿ ಬೇಡ, ಅಗಸಿ ಹಿಂಡಿಯೂ ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಮನೆಯಲ್ಲಿ ಇಷ್ಟನ್ನೂ ಬಿಟ್ಟರೆ ತಟ್ಟೆಯಲ್ಲಿ ಉಳಿಯುವುದು ಬಿಳಿ ಅನ್ನ ಮತ್ತು ತಿಳಿಸಾರು ಮಾತ್ರ.

ಈ ಪಟ್ಟಿ ಪೂರ್ತಿ ಸುಳ್ಳೇ? ಅಲ್ಲ. ಅದರಲ್ಲಿ ವಿಜ್ಞಾನದ ಒಂದು ಎಳೆ ಇದೆ. ಆದರೆ ಆ ಎಳೆ ಎಲ್ಲಿಂದ ಬಂತು, ಯಾರಿಗೆ ಎಷ್ಟು ಅನ್ವಯಿಸುತ್ತದೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ತಿಳಿಯದೆ ಪೌಷ್ಟಿಕ ಆಹಾರವನ್ನು ಬಿಟ್ಟು, ಗುಳಿಗೆಯನ್ನು ಮಾತ್ರ ಬೆಳಗಿನ ಚಹಾದೊಂದಿಗೆ ನುಂಗುವವರು ನಮ್ಮ ನಡುವೆ ಇದ್ದಾರೆ. ತೊಂದರೆಯಾಗುವುದು ಅಲ್ಲಿ. ಹಾಗಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೊರಳಿನಲ್ಲಿರುವ ಪುಟ್ಟ ಗ್ರಂಥಿ

ಥೈರಾಯಿಡ್ ಎಂಬುದು ರೋಗದ ಹೆಸರಲ್ಲ, ಎಲ್ಲರ ಕೊರಳಿನಲ್ಲೂ ಇರುವ ಒಂದು ಗ್ರಂಥಿಯ ಹೆಸರು. ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಶ್ವಾಸನಾಳದ ಮುಂದೆ ಕುಳಿತಿರುವ ಇದರ ತೂಕ ದೊಡ್ಡವರಲ್ಲಿ ಸುಮಾರು 15ರಿಂದ 20 ಗ್ರಾಂ. ನಾವು ತಿಂದ ಆಹಾರದಲ್ಲಿರುವ ಅಯೋಡಿನ್ ಅನ್ನು ರಕ್ತದಿಂದ ಹೀರಿಕೊಂಡು ಅದು ಹಾರ್ಮೋನ್ ತಯಾರಿಸುತ್ತದೆ. ಹೃದಯದ ಬಡಿತ, ಮೈ ಬಿಸಿ, ಜೀರ್ಣಶಕ್ತಿ, ಹೆಣ್ಣುಮಕ್ಕಳ ಮುಟ್ಟು, ಮಕ್ಕಳ ಬೆಳವಣಿಗೆ, ಗರ್ಭದಲ್ಲಿರುವ ಶಿಶುವಿನ ಮಿದುಳು, ಇವೆಲ್ಲವೂ ಆ ಹಾರ್ಮೋನನ್ನು ಅವಲಂಬಿಸಿವೆ.

ಹಾರ್ಮೋನ್ ಕಡಿಮೆಯಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಸಂದೇಶವನ್ನು ಹೆಚ್ಚು ಹೆಚ್ಚಾಗಿ ಕಳಿಸುತ್ತದೆ. ‘ಇನ್ನಷ್ಟು ದುಡಿ’ ಎಂಬುದು ಆ ಸಂದೇಶದ ಅರ್ಥ. ದುಡಿದು ದುಡಿದು ಥೈರಾಯಿಡ್ ಊದಿಕೊಳ್ಳುತ್ತದೆ. ಇದೇ ಗಳಗಂಡ. ಹತ್ತನೇ ಶತಮಾನದ ಕೊರ್ದೋವಾದ ಪ್ರಸಿದ್ಧ ಶಸ್ತ್ರವೈದ್ಯ ಅಬುಲ್ ಖಾಸಿಂ ಅಲ್-ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ಇದನ್ನು ‘ಗಂಟಲಿನ ಆನೆ’ ಎಂದು ಕರೆದಿದ್ದಾರೆ. ಅಷ್ಟು ಹಳೆಯ ಕಾಯಿಲೆ ಇದು.

ಮೊಲಗಳು ಹೇಳಿದ ಸಂಗತಿ

ತರಕಾರಿಗೂ ಥೈರಾಯಿಡ್‌ಗೂ ನಂಟು ಬೆಸೆದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು. ಬೇರೆಯದೇ ಅಧ್ಯಯನಕ್ಕಾಗಿ ಸಾಕಿದ್ದ ಮೊಲಗಳಿಗೆ ಗಳಗಂಡ ಬಂದುದನ್ನು ಅವರು ಗಮನಿಸಿದರು. ಆ ಮೊಲಗಳಿಗೆ ಹಾಕುತ್ತಿದ್ದ ಮೇವು ಮುಖ್ಯವಾಗಿ ಎಲೆಕೋಸು. 1928ರಲ್ಲಿ ಈ ಸಂಗತಿ ಪ್ರಕಟವಾಯಿತು. ಥೈರಾಯಿಡ್ ಕೆಲಸಕ್ಕೆ ಅಡ್ಡಿ ಮಾಡುವ ಇಂಥ ಪದಾರ್ಥಗಳನ್ನು ವಿಜ್ಞಾನಿಗಳು ಗಾಯಿಟ್ರೋಜನ್ ಎಂದು ಕರೆಯುತ್ತಾರೆ, ಅಂದರೆ ಗಳಗಂಡಕಾರಕ.

ಇವು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ಕೆಲವು ಅಯೋಡಿನ್ ಗ್ರಂಥಿಯೊಳಗೆ ಹೋಗುವ ಬಾಗಿಲಲ್ಲೇ ಅಡ್ಡ ನಿಲ್ಲುತ್ತವೆ. ಥಯೋಸಯನೇಟ್ ಇಂಥದ್ದು. ಬಾಗಿಲಲ್ಲಿ ನೂಕುನುಗ್ಗಲು ಇದ್ದಂತೆ. ಒಳಗೆ ಹೋಗಬೇಕಾದ ಅಯೋಡಿನ್ ಸಾಕಷ್ಟು ಇದ್ದರೆ ಅದು ಹೇಗೋ ದಾರಿ ಮಾಡಿಕೊಳ್ಳುತ್ತದೆ. ಅಯೋಡಿನ್ ಕಡಿಮೆ ಇದ್ದರೆ ಹೊರಗೇ ಉಳಿಯುತ್ತದೆ. ಇನ್ನು ಕೆಲವು ಒಳಗಿನ ಕಾರ್ಖಾನೆಯಲ್ಲಿ ಹಾರ್ಮೋನ್ ತಯಾರಿಸುವ ಕಿಣ್ವವನ್ನೇ ತಡೆಯುತ್ತವೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಮ್ಮ ತಟ್ಟೆಯಲ್ಲಿ ಏನೇನಿದೆ?

ಗೋಬಿ, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ: ಇವೆಲ್ಲ ಒಂದೇ ಕುಲದವು. ಇವುಗಳನ್ನು ಹೆಚ್ಚಿದಾಗ ಬರುವ ಘಾಟು ವಾಸನೆಯ ಮೂಲದಲ್ಲೇ ಗಳಗಂಡಕಾರಕ ಅಂಶವೂ ಇದೆ. ಅದು ಬಿಡುಗಡೆಯಾಗಲು ತರಕಾರಿಯಲ್ಲೇ ಇರುವ ಒಂದು ಕಿಣ್ವ ಬೇಕು. ಬೇಯಿಸಿದಾಗ ಆ ಕಿಣ್ವ ನಾಶವಾಗುತ್ತದೆ. ಆದ್ದರಿಂದ ಬೇಯಿಸಿದ ಗೋಬಿ ಪಲ್ಯ, ಹೂಕೋಸಿನ ಸಾಲನ್ ವಾರಕ್ಕೆ ಎರಡು ಮೂರು ಬಾರಿ ತಿಂದರೆ ಹೆದರಬೇಕಿಲ್ಲ. ರೊಟ್ಟಿಯ ಜೊತೆ ನಂಜಿಕೊಳ್ಳುವ ನಾಲ್ಕು ಹೋಳು ಹಸಿ ಮೂಲಂಗಿಯಿಂದಲೂ ಏನೂ ಆಗುವುದಿಲ್ಲ. ಒಗ್ಗರಣೆಯ ಸಾಸಿವೆಯಂತೂ ಲೆಕ್ಕಕ್ಕೇ ಇಲ್ಲ. ಆದರೆ ತೂಕ ಇಳಿಸುವ ಆಸೆಯಿಂದ ದಿನವೂ ಲೋಟಗಟ್ಟಲೆ ಹಸಿ ಎಲೆಕೋಸಿನ ರಸ ಕುಡಿಯುವುದು ಬೇರೆ ಮಾತು. ಅದನ್ನು ಮಾಡಬೇಡಿ.

ಜೋಳ: ಬೈಲಹೊಂಗಲದ ಕರಿಮಣ್ಣಿನ ರೈತರಿಗೆ ಒಂದು ಸಂಗತಿ ಗೊತ್ತು. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳದ ಮೇವನ್ನು ದನಕ್ಕೆ ಬಿಡುವುದಿಲ್ಲ. ತಿಂದ ದನ ಹೊಟ್ಟೆ ಉಬ್ಬಿ ಒದ್ದಾಡಿ ಸಾಯುವುದುಂಟು. ಎಳೆ ಪೈರಿನಲ್ಲಿರುವ ಒಂದು ಅಂಶ ಹೊಟ್ಟೆಯಲ್ಲಿ ಸಯನೈಡ್ ಆಗುವುದೇ ಅದಕ್ಕೆ ಕಾರಣ. ಸ್ವಲ್ಪ ಪ್ರಮಾಣದ ಸಯನೈಡನ್ನು ದೇಹ ಥಯೋಸಯನೇಟ್ ಆಗಿ ಬದಲಿಸುತ್ತದೆ, ಅದೇ ಬಾಗಿಲಲ್ಲಿ ಅಡ್ಡ ನಿಲ್ಲುವ ಅಂಶ. ಆದರೆ ಬಲಿತ ಕಾಳಿನಲ್ಲಿ ಇದು ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಜೋಳದ ರೊಟ್ಟಿ ಬಿಡಬೇಕಾದ ಅಗತ್ಯವೇ ಇಲ್ಲ. ಮೊಳಕೆ ಬರಿಸಿದ ಜೋಳವನ್ನು ಹಸಿಯಾಗಿ ತಿನ್ನುವ ಹೊಸ ರೂಢಿ ಮಾತ್ರ ಬೇಡ, ಏಕೆಂದರೆ ಮೊಳಕೆಯಲ್ಲಿ ಆ ಅಂಶ ಮತ್ತೆ ಹೆಚ್ಚುತ್ತದೆ. ಮಡಕೆ, ಹೆಸರು, ಕಡಲೆಯ ಮೊಳಕೆ ನಿಶ್ಚಿಂತೆಯಿಂದ ತಿನ್ನಿ.

ಸಜ್ಜೆ: ಪಟ್ಟಿಯಲ್ಲಿ ನಿಜವಾಗಿ ಗಮನ ಕೊಡಬೇಕಾದದ್ದು ಇದು. ಸುಡಾನ್ ದೇಶದ ದಾರ್ಫುರ್ ಪ್ರಾಂತದಲ್ಲಿ ಗಳಗಂಡ ಬಹಳವಾಗಿತ್ತು. ಅಲ್ಲಿನ ಹಳ್ಳಿಗರ ಮುಖ್ಯ ಆಹಾರ ಸಜ್ಜೆ. ಸಜ್ಜೆಯಲ್ಲಿರುವ ಕೆಲವು ಫ್ಲೇವನಾಯ್ಡ್ ಅಂಶಗಳು ಹಾರ್ಮೋನ್ ತಯಾರಿಸುವ ಕಿಣ್ವವನ್ನು ತಡೆಯುತ್ತವೆ ಎಂಬುದು 1989ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಈ ಅಂಶಗಳು ಕಾಳಿನ ಹೊಟ್ಟಿನಲ್ಲಿ ಹೆಚ್ಚಾಗಿರುತ್ತವೆ. ಗೋಬಿಯ ಅಂಶದಂತೆ ಬೆಂಕಿಗೆ ಸುಲಭವಾಗಿ ಹೋಗುವುದೂ ಇಲ್ಲ. ಆದರೆ ದಾರ್ಫುರದ ಹಳ್ಳಿಗರಿಗೆ ಮೂರು ಹೊತ್ತೂ ಸಜ್ಜೆಯೇ ಆಧಾರವಾಗಿತ್ತು, ಅಯೋಡಿನ್ ಕೊರತೆಯೂ ಇತ್ತು ಎಂಬುದನ್ನು ಮರೆಯಬಾರದು. ಸವದತ್ತಿ, ರಾಮದುರ್ಗದ ಕಡೆ ಚಳಿಗಾಲದಲ್ಲಿ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿ ಅದಕ್ಕೆ ಸಮನಲ್ಲ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಮೂರು ಹೊತ್ತೂ ಒಂದೇ ಧಾನ್ಯ ತಿನ್ನುವ ಪಥ್ಯ ಕೆಲವರಲ್ಲಿ ಶುರುವಾಗಿದೆ. ಥೈರಾಯಿಡ್ ತೊಂದರೆ ಇದ್ದವರು ಸಜ್ಜೆಯನ್ನೇ ನಿತ್ಯದ ಊಟ ಮಾಡಿಕೊಳ್ಳದೆ ಜೋಳ, ಗೋಧಿ, ರಾಗಿ, ಅಕ್ಕಿಗಳ ಜೊತೆ ಸರದಿಯಲ್ಲಿ ತಿನ್ನುವುದು ಒಳ್ಳೆಯದು.

ಸೋಯಾಬೀನ್: ಮುಂಗಾರಿನಲ್ಲಿ ಬೈಲಹೊಂಗಲ, ಕಿತ್ತೂರು ಭಾಗದ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಸೋಯಾಬೀನ್ ಕಾಣುತ್ತದೆ. ಸೋಯಾದಲ್ಲಿರುವ ಐಸೋಫ್ಲೇವೋನ್‌ಗಳು ಪ್ರಯೋಗಶಾಲೆಯಲ್ಲಿ ಅದೇ ಕಿಣ್ವವನ್ನು ತಡೆಯುತ್ತವೆ. ಅಮೆರಿಕದಲ್ಲಿ ಕೇವಲ ಸೋಯಾ ಹಾಲಿನ ಪುಡಿಯ ಮೇಲೆ ಬೆಳೆದ ಕೆಲವು ಶಿಶುಗಳಿಗೆ ಗಳಗಂಡ ಬಂದದ್ದುಂಟು. ಪುಡಿಗೆ ಅಯೋಡಿನ್ ಸೇರಿಸಿದ ಮೇಲೆ ಆ ತೊಂದರೆ ನಿಂತಿತು. ಅಯೋಡಿನ್ ಸಾಕಷ್ಟು ಸಿಗುವ ಆರೋಗ್ಯವಂತ ದೊಡ್ಡವರಲ್ಲಿ ಸೋಯಾ ತಿಂದದ್ದರಿಂದ ಥೈರಾಯಿಡ್ ಕೆಡುವುದಿಲ್ಲ. ಮಾಂಸ ಕೊಳ್ಳಲಾಗದ ದಿನ ಸೋಯಾ ಚಂಕ್ಸ್ ಹಾಕಿ ಮಾಡಿದ ಸಾಲನ್ ಅಗ್ಗದ ಒಳ್ಳೆಯ ಪ್ರೋಟೀನ್. ಆದರೆ ಥೈರಾಯಿಡ್ ಗುಳಿಗೆ ಸೇವಿಸುವವರ ಕರುಳಿನಲ್ಲಿ ಅದು ಗುಳಿಗೆ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಗುಳಿಗೆಗೂ ಸೋಯಾಕ್ಕೂ ನಾಲ್ಕು ಗಂಟೆಯ ಅಂತರ ಇರಲಿ. ಸೋಯಾ ಎಣ್ಣೆಯಲ್ಲಿ ಈ ತೊಂದರೆ ಇಲ್ಲ.

ಶೇಂಗಾ ಮತ್ತು ಅಗಸಿ: ಶೇಂಗಾ ಬೀಜದ ಕೆಂಪು ಸಿಪ್ಪೆಯಲ್ಲಿ ಗಳಗಂಡಕಾರಕ ಅಂಶವಿದೆ ಎಂದು 1950ರ ದಶಕದಲ್ಲೇ ನಮ್ಮ ದೇಶದ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದ್ದರು. ಆ ಇಲಿಗಳು ತಿಂದ ಪ್ರಮಾಣಕ್ಕೂ ನಾವು ರೊಟ್ಟಿಯೊಂದಿಗೆ ತಿನ್ನುವ ಎರಡು ಚಮಚ ಹಿಂಡಿಗೂ ಹೋಲಿಕೆ ಇಲ್ಲ. ನಾವು ಶೇಂಗಾವನ್ನು ಹುರಿದು, ಸಿಪ್ಪೆ ಕೇರಿ, ಕುಟ್ಟುತ್ತೇವೆ. ಅಗಸಿಯಲ್ಲೂ ಸಯನೈಡ್ ಮೂಲದ ಅಂಶ ಅಲ್ಪ ಪ್ರಮಾಣದಲ್ಲಿದೆ. ಅದನ್ನೂ ಹುರಿದೇ ಹಿಂಡಿ ಮಾಡುವುದು ನಮ್ಮ ರೂಢಿ. ಹಿರಿಯರ ಈ ಕ್ರಮವನ್ನು ಬಿಡದಿದ್ದರೆ ಸಾಕು.

ಮರಗೆಣಸು ಮತ್ತು ಕಳಲೆ: ಆಫ್ರಿಕದ ಕಾಂಗೋ ದೇಶದಲ್ಲಿ ಸರಿಯಾಗಿ ನೆನೆಸದ, ಬೇಯಿಸದ ಮರಗೆಣಸನ್ನೇ ನಿತ್ಯದ ಆಹಾರವಾಗಿ ತಿನ್ನುವ ಹಳ್ಳಿಗಳಲ್ಲಿ ಗಳಗಂಡ ಹೆಚ್ಚಾಗಿ ಕಂಡುಬಂದಿತ್ತು. ನಮ್ಮ ಬೆಳಗಾವಿ ಕಡೆ ಬೆಳೆಯುವ ಸಿಹಿ ಗೆಣಸು ಬೇರೆ, ಮರಗೆಣಸು ಬೇರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮರಗೆಣಸಿನ ಹಿಟ್ಟನ್ನು ತೊಳೆದು, ಒಣಗಿಸಿ ಮಾಡುವ ಸಾಬೂದಾನಿಯ ಖೀರಿನಿಂದಲೂ ಭಯವಿಲ್ಲ. ಕಿತ್ತೂರಿನಿಂದ ಪಶ್ಚಿಮಕ್ಕೆ, ಖಾನಾಪುರದ ಕಾಡಿನ ಕಡೆ ಮಳೆಗಾಲದಲ್ಲಿ ಸಿಗುವ ಕಳಲೆಯನ್ನು ಮಾತ್ರ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಕುದಿಸಿ, ಆ ನೀರನ್ನು ಚೆಲ್ಲಿಯೇ ಅಡುಗೆ ಮಾಡಬೇಕು.

ಅಸಲು ಕೊರತೆ ಉಪ್ಪಿನ ಡಬ್ಬಿಯಲ್ಲಿದೆ

ಮೇಲಿನ ಪ್ರತಿಯೊಂದು ಸಂಗತಿಯಲ್ಲೂ ಒಂದು ಮಾತು ಮತ್ತೆ ಮತ್ತೆ ಬಂದದ್ದನ್ನು ನೀವು ಗಮನಿಸಿರಬಹುದು. ಗಳಗಂಡಕಾರಕ ಆಹಾರ ಕೆಡುಕು ಮಾಡುವುದು ಹೆಚ್ಚಾಗಿ ಅಯೋಡಿನ್ ಕೊರತೆ ಇರುವಲ್ಲಿ. ಹಾಗಾದರೆ ನಮ್ಮಲ್ಲಿ ಅಯೋಡಿನ್ ಹೇಗಿದೆ?

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 6ರಿಂದ 12 ವರ್ಷದ ಶಾಲಾ ಮಕ್ಕಳ ಕೊರಳನ್ನು ಪರೀಕ್ಷಿಸಿ ನಡೆಸಿದ ಒಂದು ಅಧ್ಯಯನ 2009ರಲ್ಲಿ ಸಮುದಾಯ ವೈದ್ಯಕೀಯದ ರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲಾ ಮಕ್ಕಳಲ್ಲಿ ಗಳಗಂಡ ನೂರಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಆ ಪ್ರದೇಶಕ್ಕೆ ಅದು ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಬೆಳಗಾವಿಯ ಮಕ್ಕಳಲ್ಲಿ ಅದು ಆ ಅಳತೆಯನ್ನು ಬಹಳ ಮೀರಿತ್ತು. ಅಂದರೆ ಗಳಗಂಡ ಹಿಮಾಲಯದ ಕಾಯಿಲೆ, ನಮಗೇನು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಅಯೋಡಿನ್ ಸಮುದ್ರದ ಸಂಪತ್ತು. ನೆಲದಲ್ಲಿರುವ ಅಲ್ಪಸ್ವಲ್ಪವನ್ನು ಮಳೆ ಮತ್ತು ನೆರೆ ತೊಳೆದುಕೊಂಡು ಹೋಗುತ್ತವೆ. ಮಣ್ಣಿನಲ್ಲಿ ಇಲ್ಲದಿದ್ದರೆ ಆ ಮಣ್ಣಿನಲ್ಲಿ ಬೆಳೆದ ಜೋಳ, ಕಾಯಿಪಲ್ಯೆಯಲ್ಲೂ ಇರುವುದಿಲ್ಲ, ಆ ಮೇವು ತಿಂದ ಎಮ್ಮೆಯ ಹಾಲಿನಲ್ಲೂ ಕಡಿಮೆಯೇ. ಕರಾವಳಿಯವರ ಹಾಗೆ ನಿತ್ಯ ಸಮುದ್ರದ ಮೀನು ನಮಗೆ ಸಿಗುವುದಿಲ್ಲ; ಮಲಪ್ರಭೆಯ ಮೀನಿನಲ್ಲಿ ಅಷ್ಟು ಅಯೋಡಿನ್ ಇರುವುದಿಲ್ಲ. ಹಾಗಾಗಿ ನಮಗೆ ಉಳಿದಿರುವ ನಂಬಿಕೆಯ ದಾರಿ ಒಂದೇ, ಅಯೋಡಿನ್‌ಯುಕ್ತ ಉಪ್ಪು.

ಇದು ಪರೀಕ್ಷೆಗೆ ನಿಂತ ದಾರಿ. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಸೇರಿಸಿದ ಉಪ್ಪನ್ನು ಹಂಚಿ ನೋಡಿದರು. ಜನರಿಗೆ ಯಾವ ತರಕಾರಿಯನ್ನೂ ಬಿಡಿಸಲಿಲ್ಲ, ಉಪ್ಪನ್ನು ಮಾತ್ರ ಬದಲಿಸಿದರು. ಗಳಗಂಡ ಇಳಿಯಿತು. ಅದರ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 2006ರಿಂದ ದೇಶದಲ್ಲಿ ಮನುಷ್ಯರ ಬಳಕೆಗೆ ಅಯೋಡಿನ್ ಇಲ್ಲದ ಉಪ್ಪು ಮಾರುವುದಕ್ಕೆ ನಿಷೇಧವಿದೆ. ಉಪ್ಪು ತಯಾರಾಗುವಲ್ಲಿ ಪ್ರತಿ ಕಿಲೋದಲ್ಲಿ 30 ಮಿಲಿಗ್ರಾಂ, ನಿಮ್ಮ ಮನೆ ಸೇರುವಾಗ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು ಎಂಬುದು ಲೆಕ್ಕ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಗರ್ಭಿಣಿ ಮತ್ತು ಹಾಲುಣಿಸುವ ತಾಯಿಗೆ 250. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟೇ ಇಷ್ಟು ಬೇಕು, ಆದರೆ ದಿನವೂ ಬೇಕು.

ಸಂತೆಯಲ್ಲಿ ಗೋಣಿಚೀಲದಿಂದ ಅಳೆದು ಕೊಡುವ ಹರಳು ಉಪ್ಪು, ದನಕ್ಕೆಂದು ತಂದ ಉಪ್ಪು, ಆರೋಗ್ಯಕ್ಕೆ ಒಳ್ಳೆಯದೆಂದು ಹೆಚ್ಚು ಬೆಲೆ ಕೊಟ್ಟು ತಂದ ಸೈಂಧವ ಲವಣ, ಇವುಗಳಲ್ಲಿ ಅಯೋಡಿನ್ ಇದೆಯೆಂದು ನಂಬಬೇಡಿ. ಪ್ಯಾಕೆಟ್ ಮೇಲೆ ‘ಅಯೋಡಿನ್‌ಯುಕ್ತ’ ಎಂದು ಬರೆದಿದೆಯೇ ನೋಡಿ; ಹಲವು ಪ್ಯಾಕೆಟ್‌ಗಳ ಮೇಲೆ ನಗುವ ಸೂರ್ಯನ ಚಿತ್ರವೂ ಇರುತ್ತದೆ. ಬಾಯಿ ತೆರೆದ ಮಡಕೆಯಲ್ಲಿ, ಒಲೆಯ ಪಕ್ಕದಲ್ಲಿ, ತೇವದಲ್ಲಿ ಉಪ್ಪನ್ನು ಇಟ್ಟರೆ ಅಯೋಡಿನ್ ಹಾರಿಹೋಗುತ್ತದೆ. ಮುಚ್ಚಳವಿರುವ ಒಣ ಡಬ್ಬಿಯಲ್ಲಿಡಿ. ಸಾರು, ಸಾಲನ್ ಕುದಿದು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ನಷ್ಟ ಕಡಿಮೆ. ಆಶಾ ಕಾರ್ಯಕರ್ತೆಯರಲ್ಲಿ ಉಪ್ಪು ಪರೀಕ್ಷಿಸುವ ಕಿಟ್ ಇದ್ದರೆ ಒಂದು ಹನಿ ಹಾಕಿಸಿ ನೋಡಿ. ಉಪ್ಪು ನೀಲಿಯಾದರೆ ಅಯೋಡಿನ್ ಇದೆ ಎಂದರ್ಥ. ರಕ್ತದೊತ್ತಡ ಇರುವವರು ಉಪ್ಪು ಕಡಿಮೆ ಮಾಡಬೇಕು, ಆದರೆ ತಿನ್ನುವ ಆ ಸ್ವಲ್ಪವೂ ಅಯೋಡಿನ್‌ಯುಕ್ತವೇ ಆಗಿರಲಿ.

ಇನ್ನೊಂದು ಮಾತು. ಹಾರ್ಮೋನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣಾಂಶವೂ ಬೇಕು. ರಕ್ತಹೀನತೆ ಇರುವ ಹೆಣ್ಣುಮಗಳಿಗೆ ಅಯೋಡಿನ್ ಸಿಕ್ಕರೂ ಅದು ಪೂರ್ತಿ ಉಪಯೋಗವಾಗುವುದಿಲ್ಲ. ಹೀಗಿರುವಾಗ ಥೈರಾಯಿಡ್ ಹೆಸರಿನಲ್ಲಿ ಶೇಂಗಾ, ಸೊಪ್ಪು, ಕಾಳು ಬಿಡಿಸಿದರೆ ರಕ್ತಹೀನತೆ ಹೆಚ್ಚಿ ತೊಂದರೆಗೆ ತೊಂದರೆ ಸೇರುತ್ತದೆ. ಬೀಡಿ, ಸಿಗರೇಟಿನ ಹೊಗೆಯೂ ದೇಹದಲ್ಲಿ ಥಯೋಸಯನೇಟ್ ಹೆಚ್ಚಿಸುತ್ತದೆ. ಹೆಂಡತಿಗೆ ಗೋಬಿ ಬೇಡವೆನ್ನುವ ಗಂಡ ಮನೆಯೊಳಗೆ ಬೀಡಿ ಸೇದುತ್ತಿದ್ದರೆ ಮೊದಲು ಬಿಡಬೇಕಾದದ್ದು ಯಾವುದೆಂದು ಯೋಚಿಸಲಿ.

ಅತಿಯಾದರೆ ಏನಾಗುತ್ತದೆ?

2010ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ನ್ಯೂಯಾರ್ಕಿನ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು. 88 ವರ್ಷದ ಚೀನೀ ಮೂಲದ ಅಜ್ಜಿಯೊಬ್ಬರು ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ಗೋಬಿಯ ಕುಲದ ಬಾಕ್ ಚಾಯ್ ಎಂಬ ಸೊಪ್ಪನ್ನು ದಿನಕ್ಕೆ ಒಂದರಿಂದ ಒಂದೂವರೆ ಕಿಲೋದಷ್ಟು ಹಸಿಯಾಗಿ ಹಲವು ತಿಂಗಳು ತಿಂದಿದ್ದರು. ಕೊನೆಗೆ ಥೈರಾಯಿಡ್ ಹಾರ್ಮೋನ್ ತೀರಾ ಕುಸಿದು ಪ್ರಜ್ಞೆ ತಪ್ಪಿದಂಥ ಸ್ಥಿತಿಯಲ್ಲಿ ತೀವ್ರ ನಿಗಾ ಘಟಕ ಸೇರಬೇಕಾಯಿತು. ಇಂಥದ್ದು ಅಪರೂಪ. ಪಲ್ಯ ತಿಂದವರಿಗೆ ಹೀಗಾಗುವುದಿಲ್ಲ. ಮನೆಮದ್ದು ಎಂದು ನಂಬಿ ಒಂದೇ ಪದಾರ್ಥವನ್ನು ಹಸಿಯಾಗಿ, ರಾಶಿಯಾಗಿ, ತಿಂಗಳುಗಟ್ಟಲೆ ತಿಂದರೆ ಆಹಾರವೂ ವಿಷವಾದೀತು ಎಂಬುದಕ್ಕೆ ಇದು ಸಾಕ್ಷಿ. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಎಂದು ಹಸಿ ರಸಗಳನ್ನು ಹೇಳಿಕೊಡುವವರ ಮಾತಿಗೆ ಕಿವಿಗೊಡುವ ಮುಂಚೆ ಇದನ್ನು ನೆನೆಯಿರಿ.

ಗುಳಿಗೆ ತಿನ್ನುವ ಕ್ರಮ

ಅಯೋಡಿನ್ ಸಿಗುವ ಕಡೆ ಥೈರಾಯಿಡ್ ಹಾರ್ಮೋನ್ ಕಡಿಮೆಯಾಗಲು ಮುಖ್ಯ ಕಾರಣ ಆಹಾರವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಥೈರಾಯಿಡ್ ಮೇಲೆ ದಾಳಿ ಮಾಡುವ ಹಾಶಿಮೋಟೊ ಎಂಬ ಸ್ಥಿತಿ. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು. ಗೋಬಿ ಬಿಟ್ಟರೆ ಇದು ಹೋಗುವುದಿಲ್ಲ, ಅಯೋಡಿನ್ ಗುಳಿಗೆ ತಿಂದರೂ ಹೋಗುವುದಿಲ್ಲ. ಅಯೋಡಿನ್ ಅತಿಯಾದರೆ ಕೆಲವರಿಗೆ ಇನ್ನಷ್ಟು ಕೆಡುತ್ತದೆ. ದೇಹ ತಯಾರಿಸದ ಹಾರ್ಮೋನನ್ನು ಲೆವೊಥೈರಾಕ್ಸಿನ್ ಗುಳಿಗೆಯಿಂದ ತುಂಬಿಕೊಡುವುದೇ ಚಿಕಿತ್ಸೆ. ಬಹಳ ಜನರಿಗೆ ಅದು ಜೀವನಪೂರ್ತಿ ಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಕನ್ನಡಕ ಹಾಕಿಕೊಂಡ ಹಾಗೆ.

ಗುಳಿಗೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಚಹಾ, ಹಾಲು, ನಾಷ್ಟಾ ಯಾವುದೂ ಬೇಡ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ಆಮ್ಲಪಿತ್ತದ ಔಷಧಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಆಸ್ಪತ್ರೆಯಿಂದ ಕೊಟ್ಟ ಮೂರೂ ಗುಳಿಗೆಗಳನ್ನು ಒಟ್ಟಿಗೆ ನುಂಗಿದ ಗರ್ಭಿಣಿಗೆ ಥೈರಾಯಿಡ್ ಗುಳಿಗೆಯ ಫಲ ಅರ್ಧಂಬರ್ಧ ಸಿಗುತ್ತದೆ. ಟಿಎಸ್‌ಎಚ್ ಇಳಿಯದಿದ್ದಾಗ ‘ಶೇಂಗಾ ತಿಂದೆಯಾ?’ ಎಂದು ಕೇಳುವ ಬದಲು ‘ಗುಳಿಗೆ ಹೇಗೆ ತಗೊಂಡೆ?’ ಎಂದು ಕೇಳಿ.

ರಮಝಾನ್ ತಿಂಗಳಲ್ಲಿ ಗುಳಿಗೆಯ ಹೊತ್ತು ತಪ್ಪುವುದು ಸಾಮಾನ್ಯ. ಅದಕ್ಕೆ ದಾರಿ ಇದೆ. ಸಹರಿಗೆ ಅರ್ಧದಿಂದ ಒಂದು ಗಂಟೆ ಮೊದಲು ಎದ್ದು ನೀರಿನೊಂದಿಗೆ ನುಂಗಬಹುದು. ಅದು ಕಷ್ಟವೆನಿಸಿದರೆ ರಾತ್ರಿ ಊಟವಾಗಿ ಮೂರು ಗಂಟೆಯಾದ ಮೇಲೆ ಮಲಗುವ ಮುನ್ನ ತೆಗೆದುಕೊಳ್ಳಬಹುದು. ಆ ನಡುವೆ ಏನನ್ನೂ ತಿನ್ನಬಾರದು. ಒಂದು ಕ್ರಮ ಆರಿಸಿಕೊಂಡರೆ ತಿಂಗಳಿಡೀ ಅದನ್ನೇ ಪಾಲಿಸಿ. ಈ ಗುಳಿಗೆ ದೇಹದಲ್ಲಿ ನಿಧಾನವಾಗಿ ಕರಗುವುದರಿಂದ ಒಂದು ದಿನ ತಪ್ಪಿದರೆ ಅನಾಹುತವಾಗದು. ಆದರೆ ಉಪವಾಸ ಎಂದು ತಿಂಗಳು ಪೂರ್ತಿ ಬಿಟ್ಟರೆ ಈದ್ ಹೊತ್ತಿಗೆ ಸುಸ್ತು, ಊತ ಮರಳಿ ಬರುತ್ತವೆ. ಶಅಬಾನ್ ತಿಂಗಳಲ್ಲೇ ನಿಮ್ಮ ವೈದ್ಯರನ್ನು ಕಂಡು ಸಮಯ ನಿಗದಿ ಮಾಡಿಕೊಳ್ಳಿ.

ತಾಯಿ ಮತ್ತು ಮಗು

ಥೈರಾಯಿಡ್ ಗುಳಿಗೆ ಸೇವಿಸುವ ಹೆಣ್ಣುಮಗಳು ಗರ್ಭಿಣಿಯಾದಾಗ ‘ಮಗುವಿಗೆ ಗುಳಿಗೆ ಬಿಸಿಯಾದೀತು’ ಎಂದು ನಿಲ್ಲಿಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಮೂರು ತಿಂಗಳು ಶಿಶುವಿನ ಮಿದುಳು ತಾಯಿಯ ಹಾರ್ಮೋನನ್ನೇ ನಂಬಿ ಬೆಳೆಯುತ್ತದೆ. ಆಗ ಗುಳಿಗೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಗರ್ಭ ನಿಂತದ್ದು ತಿಳಿದ ಕೂಡಲೇ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಪದೇ ಪದೇ ಗರ್ಭಪಾತವಾಗುತ್ತಿದ್ದರೆ ಸೊಸೆಯನ್ನು ದೂರುವ ಮೊದಲು ಥೈರಾಯಿಡ್ ಪರೀಕ್ಷೆ ಮಾಡಿಸಿ.

ಸುಮಾರು ಸಾವಿರ ಶಿಶುಗಳಲ್ಲಿ ಒಂದು ಶಿಶು ಥೈರಾಯಿಡ್ ಕೊರತೆಯೊಂದಿಗೇ ಹುಟ್ಟುತ್ತದೆ. ನೋಡಲು ಆರೋಗ್ಯವಾಗಿಯೇ ಇರುತ್ತದೆ, ಅಳುವುದು ಕಡಿಮೆ, ನಿದ್ದೆ ಹೆಚ್ಚು. ‘ಎಷ್ಟು ಸಮಾಧಾನದ ಮಗು’ ಎಂದು ನಾವು ಖುಷಿಪಡುತ್ತೇವೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ. ಎರಡು ವಾರದೊಳಗೆ ಗುಳಿಗೆ ಶುರುವಾದರೆ ಆ ಮಗು ಎಲ್ಲ ಮಕ್ಕಳಂತೆ ಓದಿ ಬೆಳೆಯುತ್ತದೆ. ತಡವಾದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಮತ್ತೆ ಸರಿಪಡಿಸಲಾಗದು. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ನೀವಾಗಿಯೇ ಕೇಳಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಕಾರಣವಿಲ್ಲದ ಸುಸ್ತು, ಮೈ ತೂಕ ಏರುವುದು, ಚಳಿ ತಾಳಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಅತಿ ಸ್ರಾವ, ಮುಖ ಊದಿಕೊಳ್ಳುವುದು ಹಾರ್ಮೋನ್ ಕಡಿಮೆಯಾದ ಸೂಚನೆಗಳು. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಎದೆ ಡವಡವ, ಕೈ ನಡುಕ, ಸೆಕೆ ತಾಳಲಾಗದಿರುವುದು ಹಾರ್ಮೋನ್ ಹೆಚ್ಚಾದ ಸೂಚನೆಗಳು. ಕನ್ನಡಿಯ ಮುಂದೆ ಗದ್ದ ಮೇಲೆತ್ತಿ ಒಂದು ಗುಟುಕು ನೀರು ನುಂಗಿ. ಕೊರಳಿನ ಬುಡದಲ್ಲಿ ಗಡ್ಡೆಯೊಂದು ಮೇಲೆ ಕೆಳಗೆ ಸರಿದಂತೆ ಕಂಡರೆ ವೈದ್ಯರಿಗೆ ತೋರಿಸಿ. ಗಡ್ಡೆ ಗಟ್ಟಿಯಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ, ಧ್ವನಿ ಬದಲಾಗಿದ್ದರೆ ತಡ ಮಾಡಬೇಡಿ. ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಅಗತ್ಯಬಿದ್ದರೆ ಅಲ್ಲಿಂದ ಬೆಳಗಾವಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಕಳಿಸುತ್ತಾರೆ.

ಅಡುಗೆಮನೆಯ ಗೋಡೆಗೆ ಅಂಟಿಸಲು

• ಗೋಬಿ, ಹೂಕೋಸು, ಮೂಲಂಗಿ ಬೇಯಿಸಿ ತಿನ್ನಿ, ಬಿಡಬೇಡಿ. ಹಸಿ ರಸ ಬೇಡ.
• ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂದಿನಂತೆ ಇರಲಿ.
• ಸಜ್ಜೆ ಬೇರೆ ಧಾನ್ಯಗಳೊಂದಿಗೆ ಸರದಿಯಲ್ಲಿ ಬರಲಿ.
• ಸೋಯಾ, ಕಬ್ಬಿಣ, ಕ್ಯಾಲ್ಸಿಯಂಗಳಿಗೂ ಥೈರಾಯಿಡ್ ಗುಳಿಗೆಗೂ ನಾಲ್ಕು ಗಂಟೆ ಅಂತರ.
• ಗುಳಿಗೆ ಖಾಲಿ ಹೊಟ್ಟೆಗೆ, ನೀರಿನೊಂದಿಗೆ; ಚಹಾ ಆಮೇಲೆ.
• ಮನೆಯಲ್ಲಿ ಅಯೋಡಿನ್‌ಯುಕ್ತ ಉಪ್ಪು ಮಾತ್ರ, ಮುಚ್ಚಿದ ಡಬ್ಬಿಯಲ್ಲಿ.
• ಗರ್ಭಿಣಿ ಗುಳಿಗೆ ನಿಲ್ಲಿಸಬಾರದು.
• ವೈದ್ಯರು ಹೇಳದೆ ಗುಳಿಗೆಯ ಪ್ರಮಾಣ ಬದಲಿಸಬೇಡಿ. ಬದಲಾದರೆ ಆರು ವಾರದ ಹೊತ್ತಿಗೆ ಮತ್ತೆ ರಕ್ತ ಪರೀಕ್ಷೆ. ಗರ್ಭಿಣಿಗೆ ನಾಲ್ಕು ವಾರಕ್ಕೆ.

ಈ ಸಲ ಸಂತೆಗೆ ಹೋದಾಗ ಗೋಬಿಯನ್ನು ಕೈಗೆತ್ತಿಕೊಂಡು ಹೆದರಿ ಕೆಳಗಿಡಬೇಡಿ. ಚೀಲಕ್ಕೆ ಹಾಕಿಕೊಳ್ಳಿ. ಉಪ್ಪಿನ ಪ್ಯಾಕೆಟ್ ಮೇಲೆ ಏನು ಬರೆದಿದೆ ಎಂಬುದನ್ನು ಮಾತ್ರ ಓದಿ ತನ್ನಿ.